ಎರಡು ಗಾಜು, ಒಂದು ಜಾಡಿ

ಬೀದಿದೀಪ ಇನ್ನೂ ಆರಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೊನೆಯ ಕೋಣೆಯ ಬೀಗ ತೆಗೆಯುವ ಗಾಜಮ್ಮ ಒಳಗೆ ಕಾಲಿಡುವ ಮೊದಲು ಬಾಗಿಲಲ್ಲೇ ನಿಂತು ಒಮ್ಮೆ ಗಾಳಿ ಮೂಸುತ್ತಾರೆ. ಮೂಗಿಗೆ ಘಾಟು ಹೊಡೆದರೆ ಯಾವುದೋ ಜಾಡಿಯ ಮುಚ್ಚಳ ಸರಿಯಾಗಿ ಕೂತಿಲ್ಲ ಎಂದರ್ಥ. ಇವತ್ತು ಘಾಟಿಲ್ಲ. ಗಾಳಿ ಹೊರಗೆಳೆಯುವ ಫ್ಯಾನ್ ಹಾಕಿ, ಕೈಗವಸು ತೊಟ್ಟು, ಸಾಲಾಗಿ ನಿಂತ ಸಣ್ಣ ಸಣ್ಣ ಗಾಜಿನ ಜಾಡಿಗಳಲ್ಲಿ ಒಂದನ್ನು ದೀಪಕ್ಕೆ ಹಿಡಿದು ನೋಡುತ್ತಾರೆ. "ಬಂದ್ಯಾ ತಾಯಿ? ಎಷ್ಟು ಸತಾಯಿಸಿದೆ! ಹೋದ ವಾರದಿಂದ ಕಾಯ್ತಿದ್ದೀನಿ" ಎನ್ನುತ್ತಾರೆ. ಈ ಮಾತು ಜಾಡಿಯೊಳಗಿನ ಗಾಜಿಗೆ.

ಆ ಗಾಜು ಬೆರಳುದ್ದದ ಒಂದು ಪಟ್ಟಿ. ಅದರ ಮೇಲೆ ನೀಲಿ, ಗುಲಾಬಿ ಬಣ್ಣ ಬಳಿದ ತೆಳುವಾದ ಮಸುಕು. ಎಷ್ಟೋ ವರ್ಷಗಳ ಹಿಂದೆ ಯಾರೋ ಒಬ್ಬ ಹೆಂಗಸಿನ ಗರ್ಭಕೋಶದ ಬಾಯಿಯಿಂದ ಒರೆಸಿ ತೆಗೆದ ಜೀವಕೋಶಗಳು ಅವು. ಅವುಗಳ ಮೇಲೆ ಹಾಳೆಗಿಂತ ತೆಳ್ಳಗಿನ ಇನ್ನೊಂದು ಗಾಜನ್ನು ಅಂಟಿನಿಂದ ಕೂರಿಸಿರುತ್ತಾರೆ. ಕವರ್‌ಸ್ಲಿಪ್ ಎಂದು ಅದಕ್ಕೆ ಹೆಸರು. ಆ ಅಂಟು ವರ್ಷಗಟ್ಟಲೆ ಒಣಗಿ ಕಲ್ಲಾಗಿರುತ್ತದೆ. ಅದನ್ನು ಕರಗಿಸಲು ಝೈಲೀನ್ ಎಂಬ ದ್ರಾವಕದಲ್ಲಿ ನೆನೆಹಾಕಬೇಕು. ನೋಡಲು ನೀರಿನ ಹಾಗೆ, ವಾಸನೆಯಲ್ಲಿ ಪೇಂಟ್ ಅಂಗಡಿಯ ಹಾಗೆ. ಕೆಲವು ಗಾಜು ನಾಲ್ಕೇ ದಿನಕ್ಕೆ ಬಾಯಿ ಬಿಡುತ್ತವೆ, ಕೆಲವು ಎರಡು ವಾರವಾದರೂ ಜಪ್ಪಯ್ಯ ಅನ್ನುವುದಿಲ್ಲ. ಅವಸರಪಟ್ಟು ಉಗುರು ಹಾಕಿ ಎಬ್ಬಿಸಿದರೆ ಕೆಲಸ ಕೆಟ್ಟಿತು, ಜೀವಕೋಶಗಳೆಲ್ಲ ಕಿತ್ತು ಬರುತ್ತವೆ.

ಇಂದು ಕವರ್‌ಸ್ಲಿಪ್ ತಾನಾಗಿಯೇ ಜಾರಿ ತಳದಲ್ಲಿ ಕೂತಿದೆ. ಗಾಜಮ್ಮ ಪಟ್ಟಿಯನ್ನು ಇಕ್ಕಳದಲ್ಲಿ ಎತ್ತಿ, ತೊಳೆದು, ಆರಿಸಿ, ಅದರ ಮೇಲೆ ಜೀವಕೋಶ ಸಡಿಲಿಸುವ ಬೇರೊಂದು ದ್ರಾವಣದ ಒಂದೆರಡು ಹನಿ ಬಿಡುತ್ತಾರೆ. ಹೊಸ ಬ್ಲೇಡಿನ ಕಾಗದ ಬಿಚ್ಚುತ್ತಾರೆ. ಉಸಿರು ಬಿಗಿಹಿಡಿದು, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ, ಬಣ್ಣವನ್ನೆಲ್ಲ ಒಂದೇ ಮೂಲೆಗೆ ಕೆರೆದು ತರುತ್ತಾರೆ. ಕಿರುಬೆರಳಿಗಿಂತ ಸಣ್ಣ ಕೊಳವೆಗೆ ಅದು ಇಳಿಯುತ್ತದೆ. ಕವರ್‌ಸ್ಲಿಪ್ಪಿಗೆ ಅಂಟಿ ಹೋದದ್ದನ್ನೂ ಬಿಡುವುದಿಲ್ಲ, ಅದನ್ನೂ ಕೆರೆದು ಅದೇ ಕೊಳವೆಗೆ ಸೇರಿಸುತ್ತಾರೆ. ಬ್ಲೇಡು ಡಬ್ಬಿಗೆ ಹೋಗುತ್ತದೆ. ಜಾಡಿಯ ದ್ರಾವಣವೂ ಹೋಗುತ್ತದೆ. "ಒಬ್ಬ ಹೆಂಗಸಿಗೆ ಒಂದು ಜಾಡಿ, ಒಂದು ಬ್ಲೇಡು. ಒಬ್ಬರ ಬಾಚಣಿಗೆ ಇನ್ನೊಬ್ಬರು ಮುಟ್ಟಬಾರದು ಅನ್ನಲ್ವಾ, ಹಾಗೆ" ಎಂದು ನಗುತ್ತಾರೆ.

ದಿನಕ್ಕೆ ಎಂಟು, ತುಂಬ ಚುರುಕಾಗಿದ್ದರೆ ಹತ್ತು. ಇಷ್ಟೇನಾ ಎಂದು ಹುಬ್ಬೇರಿಸುವವರು ಒಮ್ಮೆ ಈ ಕೋಣೆಯಲ್ಲಿ ಕೂತು ನೋಡಬೇಕು. ಗಾಜು ಕೆರೆದ ಮೇಲೆ ಅಲ್ಲಿ ಏನೂ ಉಳಿಯುವುದಿಲ್ಲ. ಮೊದಲೇ ಫೋಟೋ ತೆಗೆದಿಟ್ಟಿರುತ್ತಾರೆ, ಆದರೆ ಫೋಟೋವನ್ನು ಮತ್ತೊಮ್ಮೆ ಕೆರೆಯಲಾಗುವುದಿಲ್ಲವಲ್ಲ! ತಪ್ಪಿದರೆ ತಪ್ಪಿತು.

ಕೊಳವೆಗಳು ಮೂರನೇ ಮಹಡಿಯ ಡಿಎನ್‌ಎ ಲ್ಯಾಬಿಗೆ ಹೋಗುತ್ತವೆ. ಅಲ್ಲಿ ಹುಡುಕುವುದು ಎಚ್‌ಪಿವಿ ಎಂಬ ವೈರಸ್ಸಿನ ಗುರುತನ್ನು. ಗರ್ಭಕಂಠದ ಕ್ಯಾನ್ಸರಿಗೆ ಮೂಲ ಈ ವೈರಸ್ಸೇ. ಬಹಳ ಮಂದಿಗೆ ಬಂದು, ತಿಳಿಯದ ಹಾಗೆ ತಾನೇ ಹೊರಟುಹೋಗುತ್ತದೆ. ಕೆಲವರಲ್ಲಿ ಮಾತ್ರ ಹೋಗದೆ ಬೇರುಬಿಟ್ಟು ಕೂರುತ್ತದೆ. ನೋವಿಲ್ಲ, ಜ್ವರವಿಲ್ಲ. ವರ್ಷಗಳು ಕಳೆದ ಮೇಲೆ ಒಂದು ದಿನ ರಕ್ತ ಕಾಣಿಸಿದಾಗ ಮನೆಯವರೆಲ್ಲ ಗಾಬರಿಯಿಂದ ಓಡಿಬರುತ್ತಾರೆ. ಹಿಂದೆಲ್ಲ ಗಾಜನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಜೀವಕೋಶಗಳ ಆಕಾರ ಕೆಟ್ಟಿದೆಯೇ ಎಂದಷ್ಟೇ ಹೇಳುತ್ತಿದ್ದರು. ಆಕಾರ ನೆಟ್ಟಗಿದ್ದರೆ "ಏನೂ ಇಲ್ಲ, ಹೋಗಮ್ಮ". ಹಾಗೆ ಕಳಿಸಿದವರ ಗಾಜುಗಳಲ್ಲಿ ಆಗಲೇ ವೈರಸ್ ಇತ್ತೇ ಎಂದು ಈಗ ಕೇಳುತ್ತಿದ್ದಾರೆ. ಇದ್ದವರನ್ನು ಮತ್ತೆ ಕರೆದು ಪರೀಕ್ಷೆ ಮಾಡುವುದು ಈ ಯೋಜನೆಯ ಉದ್ದೇಶ.

ಮೊದಲ ಕಂತಿನ ಫಲಿತಾಂಶ ಕೆಳಗೆ ಬಂದ ದಿನ ಗಾಜಮ್ಮ ಹೌಹಾರಿದ್ದರಂತೆ. "ಏನೂ ಇಲ್ಲ ಅಂತ ಕಳಿಸಿದ್ದ ಗಾಜಿನಲ್ಲಿ ಇತ್ತು! ಬಣ್ಣ ಬಳಿದು, ಅಂಟು ಹಾಕಿ, ಕತ್ತಲಲ್ಲಿ ಇಷ್ಟು ವರ್ಷ ಇಟ್ಟಿದ್ದೀವಿ, ಆದ್ರೂ ಅದರ ಗುರುತು ಹೋಗಿಲ್ಲ. ಅವತ್ತು ಊಟದ ಡಬ್ಬಿ ಬಿಚ್ಚಿ ಹಾಗೇ ಮುಚ್ಚಿಬಿಟ್ಟೆ. ಆ ಹೆಂಗಸು ಎಲ್ಲಿದ್ದಾಳೋ, ಇದ್ದಾಳೋ ಇಲ್ವೋ ಅಂತ."

ಗಾಜಮ್ಮ ಎಂಬುದು ಆಸ್ಪತ್ರೆಯಲ್ಲಿ ಬಿದ್ದ ಹೆಸರು. ಅವರು ಇಲ್ಲಿಗೆ ಬಂದದ್ದು ಬಾಟಲಿ ತೊಳೆಯುವ ಕೆಲಸಕ್ಕೆ, ಮದುವೆಯಾದ ಹೊಸತರಲ್ಲಿ. ತೊಳೆದ ಗಾಜಿನ ಸಾಮಾನನ್ನು ಬೆಳಕಿಗೆ ಹಿಡಿದು ಹಿಡಿದು ನೋಡುವ ಅಭ್ಯಾಸ ಕಂಡು ಆಗಿನ ಮೇಲ್ವಿಚಾರಕರು ತಮಾಷೆಗೆ ಹಾಗೆ ಕರೆದರು, ಅದೇ ಉಳಿಯಿತು. ಮಗಳನ್ನು ಓರಗಿತ್ತಿಯ ಮಡಿಲಿಗೆ ಹಾಕಿ ಸಂಜೆ ತರಗತಿಗೆ ಹೋಗಿ ಲ್ಯಾಬ್ ತಂತ್ರಜ್ಞೆಯ ತರಬೇತಿ ಮುಗಿಸಿದರು. ಗಂಡ ಶಾಲೆಯ ಬಸ್ಸಿನ ಡ್ರೈವರ್, ಮಾತು ಕಡಿಮೆ, ಕೊಂಕು ಜಾಸ್ತಿ. "ಇವಳು ಮೆಟ್ಟಿಲು ಹತ್ತೋಕೆ ಮುಂಚೆ ಇವಳ ವಾಸನೆ ಬಂದು ಬಾಗಿಲು ಬಡಿಯುತ್ತೆ" ಎಂದು ಬಂದವರ ಎದುರಿಗೇ ಆಡಿಕೊಳ್ಳುತ್ತಾರೆ. ಝೈಲೀನ್ ಹಿಡಿದು ಹಿಡಿದು ಗಾಜಮ್ಮನ ಬೆರಳ ತುದಿಗಳು ಗವಸಿನೊಳಗೂ ಬಿರಿದಿವೆ. ಸಂಜೆಯಾದರೆ ತಲೆನೋವು. ಬಲಗೈ ಹೆಬ್ಬೆರಳಿನಲ್ಲಿ ಬ್ಲೇಡು ಕಚ್ಚಿದ ಗೆರೆಗಳು ಎಷ್ಟೆಂದು ಅವರೇ ಎಣಿಸುವುದು ಬಿಟ್ಟಿದ್ದಾರೆ.

ಓರಗಿತ್ತಿಯ ವಿಷಯ ಬಂತಲ್ಲ, ಅವರನ್ನು ಬಿಟ್ಟು ಈ ಕಥೆಯೇ ಇಲ್ಲ. ಗಾಜಮ್ಮನ ಗಂಡನ ಅಣ್ಣನ ಹೆಂಡತಿ. ಇದೇ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿದ್ದು ನಿವೃತ್ತರಾದವರು. ಗಂಡ ತೀರಿಕೊಂಡ ಮೇಲೂ ಎದುರು ಬಾಗಿಲಿನಲ್ಲೇ ಇದ್ದಾರೆ. ಎರಡು ಮನೆಗಳ ನಡುವೆ ಒಂದು ಮೆಟ್ಟಿಲ ಸಾಲು, ಒಂದೇ ಬಟ್ಟೆ ಒಣಹಾಕುವ ಹಗ್ಗ. ಬಾಯಿ ಬಲು ಜೋರು. ವಾರ್ಡಿನಲ್ಲಿ ದೊಡ್ಡ ಡಾಕ್ಟರುಗಳೂ ಅವರಿಗೆ ಹೆದರುತ್ತಿದ್ದರು ಎಂಬುದು ಪ್ರತೀತಿ. ಸಾವಿರಾರು ಹೆಂಗಸರ ಮೈ ಒರೆಸಿ, ಕೈ ಹಿಡಿದು, ಧೈರ್ಯ ಹೇಳಿದವರು. ಆದರೆ ಆ ಮಂಚದ ಮೇಲೆ ತಾವು ಮಲಗುವುದೆಂದರೆ ಆಗದು.

ಹನ್ನೆರಡು ವರ್ಷಗಳ ಹಿಂದೆ ಒಂದೇ ಒಂದು ಸಲ ಮಲಗಿದ್ದರು. ಆಗ ಆಸ್ಪತ್ರೆ ಹೊಸದಾಗಿ ತಪಾಸಣೆ ಶಿಬಿರ ಶುರುಮಾಡಿತ್ತು. ಹೊರಗಿನ ಹೆಂಗಸರು ಒಬ್ಬರೂ ಮುಂದೆ ಬರುತ್ತಿರಲಿಲ್ಲ. ಮೊದಲು ನಮ್ಮ ಸಿಬ್ಬಂದಿಯವರೇ ಮಾಡಿಸಿಕೊಳ್ಳಲಿ, ನೋಡಿದವರಿಗೆ ಭಯ ಹೋಗುತ್ತದೆ ಎಂದರು. ಗಾಜಮ್ಮ ಓರಗಿತ್ತಿಯ ದುಂಬಾಲು ಬಿದ್ದರು. "ನೀನು ನನ್ನ ಹಿಂದೆಯೇ ಮಲಗೋದಾದ್ರೆ ಮಾತ್ರ" ಎಂಬ ಕರಾರಿನ ಮೇಲೆ ಅವರು ಒಪ್ಪಿದರು. ಮೊದಲು ದೊಡ್ಡವರು, ಹಿಂದೆಯೇ ಚಿಕ್ಕವರು. ಎರಡು ಗಾಜುಗಳಿಗೂ ವಜ್ರದ ಮೊನೆಯ ಕಡ್ಡಿಯಿಂದ ಸಂಖ್ಯೆ ಕೆತ್ತಿದ್ದು ಗಾಜಮ್ಮನೇ. ಇಬ್ಬರದೂ "ಏನೂ ಇಲ್ಲ" ಎಂದೇ ಬಂತು. ಮೂರು ವರ್ಷಕ್ಕೊಮ್ಮೆ ಮಾಡಿಸಿ ಎಂದಿದ್ದರು. ಓರಗಿತ್ತಿ ಆ ತಣ್ಣನೆಯ ಉಪಕರಣದ ನೆನಪಿಗೇ ಮೈ ನಡುಗಿಸಿ "ಇನ್ನು ಸತ್ತರೂ ಇಲ್ಲ" ಎಂದರು. ಮೂರು ವರ್ಷ ಹೋಯಿತು, ಆರಾಯಿತು, ಒಂಬತ್ತೂ ಆಯಿತು. ಗಾಜಮ್ಮ ಪ್ರತಿ ಸಲವೂ ಹೇಳುವುದು, ಅವರು ಬಾಗಿಲು ಹಾಕಿಕೊಳ್ಳುವುದು. ಎದುರು ಮನೆಯ ಈ ಜಗಳ ಮೆಟ್ಟಿಲ ಮೇಲೆ ಓಡಾಡುವವರಿಗೆಲ್ಲ ಬಾಯಿಪಾಠವಾಗಿತ್ತು.

ಕಳೆದ ವರ್ಷ ಕೆರೆಯುವ ಸರದಿ ಸಿಬ್ಬಂದಿಯ ಟ್ರೇಗೆ ಬಂತು. ಟ್ರೇ ಎಳೆದರೆ ಎರಡು ಗಾಜುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಹಳೆಯ ಸಂಗ್ರಹದಲ್ಲಿ ಇದು ಹೊಸದೇನಲ್ಲ. ಅಂದು ಕವರ್‌ಸ್ಲಿಪ್ ಕೂರಿಸುವಾಗ ಅಂಟು ಒಂದಿಷ್ಟು ಹೆಚ್ಚಾಗಿ ಅಂಚಿನಿಂದ ಒಸರಿದರೆ ಸಾಕು, ಪಕ್ಕದ ಗಾಜನ್ನು ಹಿಡಿದುಕೊಳ್ಳುತ್ತದೆ. ಸಂಖ್ಯೆ ನೋಡಿ ಗಾಜಮ್ಮನಿಗೆ ನಗು ಬಂತಂತೆ. ಓರಗಿತ್ತಿಯದು, ತಮ್ಮದು. "ಇಲ್ಲೂ ಜಗಳ ಆಡ್ತಾ ಒಟ್ಟಿಗೇ ಇದ್ದೀವಲ್ಲ ಅಂದ್ಕೊಂಡೆ."

ಅಂಟಿದ ಗಾಜುಗಳನ್ನು ಬಿಡಿಸಬೇಕಾದರೆ ಎರಡನ್ನೂ ಒಂದೇ ಜಾಡಿಯಲ್ಲಿ ನೆನೆಹಾಕಲೇಬೇಕು. ಬೇರೆ ದಾರಿ ಇಲ್ಲ. ಆದರೆ ಅವು ಬಿಟ್ಟುಕೊಂಡ ತಕ್ಷಣ, ಕವರ್‌ಸ್ಲಿಪ್ಪುಗಳು ಸಡಿಲವಾಗುವ ಮೊದಲೇ, ಬೇರೆ ಬೇರೆ ಜಾಡಿಗೆ ಹಾಕಬೇಕು. ಅದಕ್ಕಾಗಿ ಆಗಾಗ ನೋಡುತ್ತಲೇ ಇರಬೇಕು. ಅಂದು ಶನಿವಾರ. ಫ್ಯಾನ್ ಕೆಟ್ಟು ಕೋಣೆ ಬೇಗ ಮುಚ್ಚಬೇಕಾಯಿತು. ಅದೇ ಶಿಬಿರದ ಬೇರೆ ಗಾಜುಗಳೆಲ್ಲ ವಾರಗಟ್ಟಲೆ ಸತಾಯಿಸಿದ್ದವು, ಇವೂ ಎಲ್ಲಿಗೆ ಹೋಗುತ್ತವೆ ಎಂದುಕೊಂಡು ಗಾಜಮ್ಮ ಜಾಡಿ ಮುಚ್ಚಿ ಮನೆಗೆ ಹೋದರು.

ಸೋಮವಾರ ಬೆಳಗ್ಗೆ ಬಂದವರೇ ಜಾಡಿಯನ್ನು ದೀಪಕ್ಕೆ ಹಿಡಿದರು. ಎರಡು ಗಾಜುಗಳೂ ಬೇರೆಯಾಗಿ ನಿಂತಿದ್ದವು. ಎರಡು ಕವರ್‌ಸ್ಲಿಪ್ಪುಗಳೂ ಜಾರಿ ತಳದಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಕವರ್‌ಸ್ಲಿಪ್ಪಿಗೆ ಸಂಖ್ಯೆ ಇರುವುದಿಲ್ಲ! ಯಾವುದು ಯಾರದು? ಅವುಗಳ ಮೇಲೆ ಅಂಟಿದ್ದ ಜೀವಕೋಶ ಯಾರವು? ಜಾಡಿಯಲ್ಲಿ ತೇಲುತ್ತಿದ್ದ ಚೂರು ಯಾರದು?

ಆಗಲೇ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಇಷ್ಟು ವರ್ಷದ ಕಣ್ಣು ತಮ್ಮದು, ಗೊತ್ತಾಗುತ್ತದೆ ಎಂದುಕೊಂಡರು. ದಪ್ಪಗೆ ಬಳಿದದ್ದು ಓರಗಿತ್ತಿಯ ಗಾಜು, ತೆಳ್ಳಗಿನದು ತಮ್ಮದು ಎಂದು ನೆನಪಿತ್ತು. ಅದರಂತೆ ಕವರ್‌ಸ್ಲಿಪ್ಪುಗಳನ್ನು ಜೊತೆ ಮಾಡಿ, ಕೆರೆದು, ಮೇಲಕ್ಕೆ ಕಳಿಸಿಬಿಟ್ಟರು. "ಜಂಬ ಕಣ್ರೀ. ಬೇರೆ ಏನೂ ಅಲ್ಲ, ಜಂಬ" ಎಂದು ಈಗ ತಮ್ಮನ್ನೇ ಬೈದುಕೊಳ್ಳುತ್ತಾರೆ.

ವಾರವೊಂದು ಕಳೆದಿರಬೇಕು. ಯೋಜನೆಯ ಮುಖ್ಯಸ್ಥೆ, ಎಲ್ಲರೂ ದೊಡ್ಡ ಮೇಡಂ ಎಂದು ಕರೆಯುವವರು, ಗಾಜಮ್ಮನನ್ನು ಮೇಲಕ್ಕೆ ಕರೆಸಿದರು. ಅಕ್ಕಪಕ್ಕದ ಎರಡು ಸಂಖ್ಯೆ, ಎರಡರಲ್ಲೂ ವೈರಸ್, ಅದೂ ಒಂದೇ ಬಗೆ, ಎಲ್ಲಕ್ಕಿಂತ ಅಪಾಯದ ಬಗೆ. ಒಂದರಲ್ಲಿ ಜೋರಾಗಿ, ಇನ್ನೊಂದರಲ್ಲಿ ಸಣ್ಣಗೆ. "ಇದು ಒಂದರಿಂದ ಇನ್ನೊಂದಕ್ಕೆ ದಾಟಿರೋ ಹಾಗೆ ಕಾಣುತ್ತೆ. ಕೆಳಗೆ ಏನಾದ್ರೂ ಆಗಿತ್ತಾ?" ಎಂದು ಮೇಡಂ ಕೇಳಿದರು. ಗದರಲಿಲ್ಲ, ಕೇಳಿದರು ಅಷ್ಟೆ. ಗಾಜಮ್ಮ ಎಲ್ಲವನ್ನೂ ಹೇಳಿದರು. ಗಾಜು ಯಾರವು ಎಂಬುದನ್ನೂ ಹೇಳಿದರು.

ಮೇಡಂ ಎರಡೂ ವರದಿಗಳನ್ನು ಪಕ್ಕಪಕ್ಕ ಇಟ್ಟುಕೊಂಡರು. ಯಾವುದರಲ್ಲಿ ಜೋರಾಗಿದೆ ಎಂದು ನೋಡಿದರೆ ಸಾಕಲ್ಲವೇ? ಸಾಲದು. ಹೆಚ್ಚಿನ ಜೀವಕೋಶ ಕವರ್‌ಸ್ಲಿಪ್ಪುಗಳಿಗೇ ಅಂಟಿ ಹೋಗಿ, ಅವೇ ಅದಲುಬದಲಾಗಿದ್ದರೆ ಜೋರೂ ಸಣ್ಣದೂ ಅದಲುಬದಲು. ಮತ್ತೆ ನೋಡೋಣವೆಂದರೆ ಎರಡೂ ಗಾಜು ಈಗ ಅಂಗಡಿಯಿಂದ ತಂದ ಹೊಸ ಗಾಜಿನಷ್ಟು ಖಾಲಿ. "ಒಬ್ಬರದಂತೂ ನಿಜ. ಇಬ್ಬರದೂ ಇರಬಹುದು. ಇಬ್ಬರೂ ಬಂದು ಹೊಸದಾಗಿ ಕೊಡಬೇಕು, ಬೇರೆ ದಾರಿ ಇಲ್ಲ. ತಡ ಮಾಡ್ಬೇಡಿ" ಎಂದರು.

ಗಾಜಮ್ಮ ಹೆದರಿಕೊಂಡೇ ಮೆಟ್ಟಿಲಿಳಿದರು. ತಮಗಾಗಿ ಅಲ್ಲ. ಜೋರಾಗಿದ್ದದ್ದು ಓರಗಿತ್ತಿಯ ಸಂಖ್ಯೆಯಲ್ಲಿ. ತಮ್ಮ ಕಣ್ಣು ತಪ್ಪಿರಲಾರದು, ಇದು ಅಕ್ಕನದೇ ಎಂದು ಅವರು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದರು. ಹನ್ನೊಂದು ವರ್ಷ! ಅಷ್ಟು ವರ್ಷ ಒಳಗೆ ಕೂತು ಏನು ಮಾಡಿದೆಯೋ?

ಅಂದು ಸಂಜೆ ಎದುರು ಬಾಗಿಲು ತಟ್ಟಿದರು.

"ಅಕ್ಕ, ನಿಮ್ಮ ಹಳೇ ಗಾಜು ಟೆಸ್ಟ್ ಆಯ್ತು."

"ಯಾವ ಗಾಜು?"

"ಅವತ್ತು ಶಿಬಿರದಲ್ಲಿ ತೆಗೆದಿದ್ರಲ್ಲ, ಅದು."

ಓರಗಿತ್ತಿ ಕೈಯಲ್ಲಿದ್ದ ಬಟ್ಟೆಯನ್ನು ಹಾಗೇ ಬಿಟ್ಟರು. "ಅದನ್ನ ಇನ್ನೂ ಇಟ್ಕೊಂಡಿದ್ದೀರಾ? ಅವತ್ತೇ ಬಿಸಾಕಿರ್ತಾರೆ ಅಂದ್ಕೊಂಡಿದ್ದೆನಲ್ಲೇ! ನನ್ನ ಒಳಗಿನದ್ದು ಇಷ್ಟು ವರ್ಷ ನಿಮ್ಮ ಬೀರುವಿನಲ್ಲಿ ಇತ್ತಾ? ಥೂ, ನಾಚಿಕೆ ಆಗಲ್ವಾ ನಿಮಗೆಲ್ಲ?"

"ಮುಂದೆ ಪರೀಕ್ಷೆಗೆ ಬಳಸಬಹುದು ಅಂತ ನೀವೇ ಒಪ್ಪಿ ಸಹಿ ಹಾಕಿದ್ರಿ ಅಕ್ಕ. ಅದು ಹೋಗಲಿ. ಅದರಲ್ಲಿ ವೈರಸ್ ಕಂಡಿದೆ. ನೀವು ಬಂದು ಇನ್ನೊಂದು ಸಲ ತೋರಿಸ್ಕೊಳ್ಳಬೇಕು."

"ಗಂಡ ಹೋಗಿ ಎಂಟು ವರ್ಷ ಆಯ್ತು. ನನಗೆ ಎಲ್ಲಿಂದ ಬರುತ್ತೆ ಅಂಥ ರೋಗ? ಯಾರ ಮುಂದೆ ಈ ಮಾತು ಆಡ್ತಿದ್ದೀಯ ಗೊತ್ತಾ?"

ಯಾವಾಗ ಬಂತು, ಯಾರಿಂದ ಬಂತು ಎಂದು ಯಾರೂ ಹೇಳಲಾರರು, ಮದುವೆಯಾದ ಯಾವ ಹೆಂಗಸಿಗಾದರೂ ಬರಬಹುದು, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ ಎಂದು ಗಾಜಮ್ಮ ಹೇಳುತ್ತಿದ್ದಂತೆಯೇ ಬಾಗಿಲು ಮುಖಕ್ಕೆ ಹೊಡೆದ ಹಾಗೆ ಮುಚ್ಚಿಕೊಂಡಿತು.

ಇಂಥ ಬಾಗಿಲು ಇದೊಂದೇ ಅಲ್ಲ. ಯೋಜನೆಯವರು ಫೋನ್ ಮಾಡಿ ಕರೆದವರಲ್ಲಿ ಅರ್ಧದಷ್ಟು ಹೆಂಗಸರೂ ಬರುವುದಿಲ್ಲ. ಕೆಲವರು ಊರು ಬಿಟ್ಟಿದ್ದಾರೆ, ಕೆಲವರು ಲೋಕವನ್ನೇ ಬಿಟ್ಟಿದ್ದಾರೆ. ಉಳಿದವರ ಮನೆಯಲ್ಲಿ ಗಂಡನೋ ಮಗನೋ ಫೋನ್ ಕಿತ್ತುಕೊಂಡು "ಯಾರ್ರೀ ನೀವು? ಮರ್ಯಾದಸ್ಥರ ಮನೆಗೆ ಫೋನ್ ಮಾಡಿ ಏನು ಕೇಳ್ತಿದ್ದೀರಿ?" ಎನ್ನುತ್ತಾರೆ. ಜೀವ ಉಳಿಸಿಕೊಳ್ಳಿ ಎಂದು ಹೇಳಲು ಹೋದವರಿಗೆ ಬೈಗುಳ! ಕೇಳಿದರೆ ಮೈ ಉರಿಯುತ್ತದೆ. ವೈರಸ್ಸಿಗೆ ಮಾನ ಮರ್ಯಾದೆ ಎಂದರೇನೆಂದು ಗೊತ್ತಿದೆಯೇ?

ಮುಂದಿನ ನಾಲ್ಕಾರು ದಿನ ಹಗ್ಗದ ಮೇಲೆ ಎರಡು ಮನೆಯ ಬಟ್ಟೆಗಳು ಮಾತ್ರ ಜೊತೆಗಿದ್ದವು, ಮಾತಿಲ್ಲ. ಗಾಜಮ್ಮನಿಗೆ ಊಟ ಸೇರದು. ಗಂಡನಿಗೆ ಹೇಳಿದರು. ಅವರು ಕೊಂಕು ಮರೆತು, "ನಿನ್ನದರಲ್ಲೂ ಸ್ವಲ್ಪ ಬಂದಿದೆ ಅಂದ್ಯಲ್ಲ. ಅದನ್ನ ಅತ್ತಿಗೆಗೆ ಹೇಳಿದ್ಯಾ?" ಎಂದು ಕೇಳಿದರು.

ಹೇಳಿರಲಿಲ್ಲ. ಅದು ದಾಟಿ ಬಂದದ್ದು, ತಮ್ಮದಲ್ಲ ಎಂದು ಗಾಜಮ್ಮನಿಗೆ ಅಷ್ಟು ಖಾತ್ರಿ. ಅದಕ್ಕಿಂತ ಹೆಚ್ಚಾಗಿ, ಜಾಡಿಯ ಎಡವಟ್ಟನ್ನು ಓರಗಿತ್ತಿಯ ಮುಂದೆ ಒಪ್ಪಿಕೊಳ್ಳಲು ಬಾಯಿ ಬಂದಿರಲಿಲ್ಲ.

ಮಾರನೆಯ ಬೆಳಗ್ಗೆ ಕೆಲಸಕ್ಕೆ ಹೊರಟವರು ಮೆಟ್ಟಿಲ ಮೇಲೇ ನಿಂತು ಮುಚ್ಚಿದ ಬಾಗಿಲಿಗೆ ಹೇಳಿದರು. "ಅಕ್ಕ, ನಿಮಗೆ ಪೂರ್ತಿ ಹೇಳಿಲ್ಲ ನಾನು. ನಮ್ಮಿಬ್ಬರ ಗಾಜು ಅಂಟ್ಕೊಂಡಿತ್ತು. ಬಿಡಿಸೋವಾಗ ತಪ್ಪಾಯ್ತು. ಒಂದರದ್ದು ಇನ್ನೊಂದಕ್ಕೆ ಸೇರಿದೆ. ಇಬ್ಬರದ್ರಲ್ಲೂ ವೈರಸ್ ತೋರಿಸ್ತಿದೆ. ಯಾರದ್ದು ನಿಜ ಅಂತ ಯಾರಿಗೂ ಗೊತ್ತಿಲ್ಲ. ತಪ್ಪು ನನ್ನದೇ."

ಒಳಗೆ ಪಾತ್ರೆಯ ಸದ್ದು ನಿಂತಿತು. ಬಾಗಿಲು ಒಂದಿಷ್ಟು ತೆರೆಯಿತು.

"ಅಂದ್ರೆ ನಿಂದೂ ಇರ್ಬೋದಾ?"

"ಇರ್ಬೋದು."

"ಮತ್ತೆ ನೀನು ತೋರಿಸ್ಕೊಂಡ್ಯಾ?"

"ನೀವು ಬಂದ್ರೆ ಒಟ್ಟಿಗೆ ಅಂತ..."

"ನಾನು ಬರದಿದ್ರೆ?"

ಗಾಜಮ್ಮ ಹೆಗಲ ಚೀಲ ಸರಿಮಾಡಿಕೊಂಡರು. ಓರಗಿತ್ತಿಯ ಮುಖ ಕೆಂಪೇರಿತು. "ಇದನ್ನ ಮೊದಲೇ ಬಾಯಿಬಿಟ್ಟು ಹೇಳೋಕೆ ಏನಾಗಿತ್ತೇ ನಿನಗೆ? ನಾಲ್ಕು ದಿನದಿಂದ ನಾನೊಬ್ಬಳೇ ಸಾಯ್ತೀನಿ ಅಂದ್ಕೊಂಡು ಹಠ ಹಿಡಿದು ಕೂತಿದ್ದೆ. ನಿನಗೂ ಅಂದ್ರೆ ಆ ಮಗು ಗತಿ ಏನು? ಎತ್ತಿ ಆಡಿಸಿದವಳು ನಾನು. ನಡಿ, ಚಪ್ಪಲಿ ಹಾಕ್ಕೊಂಡೆ." ಆ "ಮಗು" ಕಾಲೇಜಿಗೆ ಹೋಗುವ ಹುಡುಗಿ ಎಂಬುದು ಬೇರೆ ಮಾತು.

ಪರೀಕ್ಷೆ ಮುಗಿಯಲು ಹತ್ತು ನಿಮಿಷ ಸಾಕಾಯಿತು. ಈಗ ಹಳೆಯ ಕಾಲದ ಹಾಗಲ್ಲ, ಸಣ್ಣ ಬ್ರಷ್ಷಿನಲ್ಲಿ ಒರೆಸಿ ತೆಗೆಯುತ್ತಾರೆ. ಜೊತೆಗೆ ಗಾಜಿನ ಮೇಲೂ ಬಳಿದುಕೊಳ್ಳುತ್ತಾರೆ. ಓರಗಿತ್ತಿ ಮಂಚದಿಂದಿಳಿದು, "ಇಷ್ಟೇನಾ? ಇದಕ್ಕೆ ಹನ್ನೊಂದು ವರ್ಷ ಹೆದರಿಕೊಂಡಿದ್ನಾ?" ಎಂದು ನರ್ಸನ್ನೇ ದಬಾಯಿಸಿದರು.

ಫಲಿತಾಂಶದ ದಿನ ಇಬ್ಬರೂ ಮೇಡಂ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಗಾಜಮ್ಮ ಓರಗಿತ್ತಿಯ ಕೈ ಹಿಡಿದು ಧೈರ್ಯ ಹೇಳುತ್ತಿದ್ದರು. ಏನೇ ಬಂದರೂ ಔಷಧಿ ಇದೆ, ನಾನಿದ್ದೇನೆ, ರಜ ಹಾಕುತ್ತೇನೆ. ಒಳಗೆ ಕರೆದರು. ಮೇಡಂ ಓರಗಿತ್ತಿಯ ಕಡೆ ನೋಡಿ, "ನಿಮಗೆ ಏನೂ ಇಲ್ಲಮ್ಮ. ವೈರಸ್ಸೂ ಇಲ್ಲ, ಬೇರೆ ತೊಂದರೆನೂ ಇಲ್ಲ" ಎಂದರು. ಗಾಜಮ್ಮನಿಗೆ ಹೋದ ಜೀವ ಬಂದಂತಾಯಿತು. ಕಣ್ಣಲ್ಲಿ ನೀರು. ಸೆರಗಿನಿಂದ ಒರೆಸಿಕೊಳ್ಳುತ್ತಲೇ ಏಳಲು ಹೊರಟರು.

"ನೀವು ಕೂತ್ಕೊಳ್ಳಿ" ಎಂದರು ಮೇಡಂ.

ಆಮೇಲೆ ಕೇಳಿದ ಮಾತುಗಳಲ್ಲಿ ಎಷ್ಟು ತಲೆಗೆ ಹೋಯಿತೋ ಗಾಜಮ್ಮನಿಗೇ ಗೊತ್ತಿಲ್ಲ. ವೈರಸ್ ಇದೆ, ಅದೇ ಬಗೆ. ಜೀವಕೋಶಗಳು ಆಗಲೇ ಕೆಡಲು ತೊಡಗಿವೆ. ಕ್ಯಾನ್ಸರ್ ಅಲ್ಲ, ಆದರೆ ಅದರ ಹೊಸ್ತಿಲಿನಲ್ಲಿದೆ. ಇನ್ನೆರಡು ವರ್ಷ ಸುಮ್ಮನಿದ್ದಿದ್ದರೆ ಮಾತು ಬೇರೆಯಾಗುತ್ತಿತ್ತು. "ನಾನು ಬೆಪ್ಪಾಗಿ ಮೇಡಂ ಬಾಯಿನೇ ನೋಡ್ತಾ ಇದ್ದೆ. ಅವರು ಬೇರೆ ಯಾರ ಬಗ್ಗೆನೋ ಹೇಳ್ತಿದ್ದಾರೆ ಅನ್ನಿಸ್ತಿತ್ತು. ದಿನಾ ಹೆಂಗಸರ ಗಾಜು ಕೆರೀತೀನಿ, ಅಯ್ಯೋ ಪಾಪ ಅಂತೀನಿ. ಅದರಲ್ಲಿ ನಾನೂ ಒಬ್ಬಳು ಅಂತ ಒಂದು ದಿನಾನೂ ಅನ್ನಿಸಿರಲಿಲ್ಲ."

ಇಲ್ಲೇ ಇದೆ ದಂಗಾಗುವ ವಿಷಯ. ಓರಗಿತ್ತಿಗೆ ಹನ್ನೊಂದು ವರ್ಷ ಬುದ್ಧಿ ಹೇಳಿದ ಗಾಜಮ್ಮ, ಹೊಸದಾಗಿ ಸೇರುವ ನರ್ಸುಗಳಿಗೆಲ್ಲ ಮಾಡಿಸಿಕೊಳ್ಳಿ ಎಂದು ಗಂಟು ಬೀಳುವ ಗಾಜಮ್ಮ, ಆ ಶಿಬಿರದ ನಂತರ ತಾವು ಒಮ್ಮೆಯೂ ಮಾಡಿಸಿಕೊಂಡಿರಲಿಲ್ಲ! ಎರಡೇ ಮಹಡಿ ಹತ್ತಿದರೆ ಸಾಕಿತ್ತು. ಯಾಕೆ ಎಂದು ಕೇಳಿದರೆ ಅವರಿಗೂ ಸರಿಯಾದ ಕಾರಣ ಗೊತ್ತಿಲ್ಲ. "ಈ ಟ್ರೇ ಮುಗೀಲಿ, ಮಗಳ ಪರೀಕ್ಷೆ ಮುಗೀಲಿ ಅಂತ. ಇಲ್ಲೇ ಇದ್ದೀನಲ್ಲ, ಯಾವತ್ತು ಬೇಕಾದ್ರೂ ಆಗುತ್ತೆ ಅಂತ. ನಿಜ ಹೇಳ್ಲಾ? ನನ್ನದೊಂದೇ ಬಂದಿದ್ರೆ ಅವತ್ತೂ ಮುಂದಕ್ಕೆ ಹಾಕ್ತಿದ್ದೆ. ನಾನು ಹೋಗಿದ್ದು ಅಕ್ಕನ್ನ ಕರ್ಕೊಂಡು ಹೋಗೋಕೆ."

ಮೇಡಂ ಕೋಣೆಯಲ್ಲಿ ಆ ದಿನ ಮೊದಲು ಬಾಯಿಬಿಟ್ಟವರು ಓರಗಿತ್ತಿ. ಅತ್ತರು, ಅಳುತ್ತಲೇ ಬೈದರು. "ಲೋಕಕ್ಕೆಲ್ಲ ಹೇಳ್ತಾಳೆ, ತನಗೆ ಮಾತ್ರ ಪುರುಸೊತ್ತಿಲ್ಲ ಇವಳಿಗೆ! ಮೇಡಂ, ಇವಳನ್ನ ಇವತ್ತೇ ಮಲಗಿಸಿ. ಇವಳ ಮಾತು ಕೇಳ್ಬೇಡಿ. ಮನೆಗೆ ಹೋಗಿ ಬರ್ತೀನಿ ಅಂದ್ರೂ ಬಿಡ್ಬೇಡಿ."

ಅಂದೇ ಆಗಲಿಲ್ಲ, ಆದರೆ ತಡವೂ ಆಗಲಿಲ್ಲ. ಬಿಸಿ ಮಾಡಿದ ತಂತಿಯ ಕುಣಿಕೆಯಿಂದ ಕೆಟ್ಟ ಭಾಗವನ್ನು ಮಾತ್ರ ಬಿಲ್ಲೆಯಷ್ಟು ತೆಗೆದರು. ಸಂಜೆಗೆ ಮನೆಗೆ ಕಳಿಸಿದರು. ತೆಗೆದ ತುಂಡಿನ ಅಂಚು ಶುದ್ಧವಾಗಿದೆ, ಪೂರ್ತಿ ಬಂದಿದೆ ಎಂದು ವರದಿ ಬಂತು. ಆರು ತಿಂಗಳ ನಂತರ ಮತ್ತೆ ನೋಡಿದಾಗ ವೈರಸ್ ಕಾಣಲಿಲ್ಲ. ಇನ್ನೂ ಕೆಲವು ವರ್ಷ ಆಗಾಗ ತೋರಿಸಿಕೊಳ್ಳುತ್ತಿರಬೇಕು. ದಿನ ತಪ್ಪಿಸುವ ಧೈರ್ಯ ಅವರಿಗಿಲ್ಲ, ಎದುರು ಬಾಗಿಲಿನಲ್ಲಿ ಕಾವಲಿದೆ.

ಯೋಜನೆಯಲ್ಲಿ ಆ ಎರಡು ಗಾಜುಗಳ ಫಲಿತಾಂಶವನ್ನು ಲೆಕ್ಕದಿಂದ ತೆಗೆದುಹಾಕಿದರು. ಬೆರೆತ ಮಾದರಿ ಬೆರೆತದ್ದೇ, ಹೊಸ ಪರೀಕ್ಷೆ ಏನೇ ಹೇಳಲಿ. ಗಾಜಮ್ಮನಿಗೆ ಎಚ್ಚರಿಕೆ ಸಿಕ್ಕಿತು. ಅದು ನ್ಯಾಯವೇ ಎನ್ನುತ್ತಾರೆ ಅವರು. ಅಂದಿನಿಂದ ಅಂಟಿಕೊಂಡ ಜೋಡಿ ಗಾಜನ್ನು ಶನಿವಾರ ಯಾರೂ ನೆನೆಹಾಕುವಂತಿಲ್ಲ ಎಂಬುದು ಈ ಕೋಣೆಯ ಕಾನೂನು. "ನನ್ನ ಕಣ್ಣನ್ನ ನಾನೇ ನಂಬಲ್ಲ ಈಗ. ಜಾಡಿ ನಂಬ್ತೀನಿ. ಒಂದು ಗಾಜು, ಒಂದು ಜಾಡಿ."

ಹೊರಗೆ ಬೆಳಕು ಹರಿದಿದೆ. ಮೆಟ್ಟಿಲ ಮೇಲೆ ಬೂಟುಗಳ ಸದ್ದು ಶುರುವಾಗಿದೆ. ಗಾಜಮ್ಮ ಇಂದಿನ ಕೊಳವೆಗಳನ್ನು ಐಸ್ ಡಬ್ಬಿಗೆ ಜೋಡಿಸಿ, ಗವಸು ಕಳಚಿ, ಬಿರಿದ ಬೆರಳುಗಳಿಗೆ ಮುಲಾಮು ಹಚ್ಚಿಕೊಳ್ಳುತ್ತಾರೆ. ಕೆರೆಯಬೇಕಾದ ಟ್ರೇಗಳು ಗೋಡೆಯುದ್ದಕ್ಕೂ ಇನ್ನೂ ಸಾಲುಗಟ್ಟಿವೆ. ನಿಮಗೇನು ಆಸೆ ಎಂದು ಕೇಳಿದರೆ ನಾಚಿಕೊಂಡು, ನನಗೇನಾಸೆ ಎಂದು ಮಾತು ತೇಲಿಸುತ್ತಾರೆ. ಆಮೇಲೆ ತಾವಾಗಿಯೇ ಹೊಸ ಗಾಜುಗಳನ್ನಿಡುವ ಬೀರುವಿನ ಕಡೆ ಕೈ ತೋರಿಸುತ್ತಾರೆ. ಅಕ್ಕನ ಹೊಸ ಗಾಜೂ ತಮ್ಮ ಹೊಸ ಗಾಜೂ ಅಲ್ಲಿವೆ, ನಡುವೆ ಒಂದು ಖಾನೆ ಖಾಲಿ ಬಿಟ್ಟು.

"ಅವು ಅಲ್ಲೇ ಧೂಳು ತಿಂತಾ ಇರಲಿ. ಅವನ್ನ ಹುಡುಕ್ಕೊಂಡು ಯಾರೂ ಬರಬಾರದು. ಬ್ಲೇಡು ಹಿಡ್ಕೊಂಡು ನನ್ನಂಥೋಳು ಒಬ್ಬಳು ನಮ್ಮ ಗಾಜು ಮುಂದಿಟ್ಟುಕೊಂಡು ಅಯ್ಯೋ ಪಾಪ ಅನ್ನಬಾರದು. ಅಷ್ಟೇ ಸಾಕು."